ಇಸ್ತ್ರಿ ಮೇಜಿನ ಕೆಳಗಿನ ಬುಟ್ಟಿ

ಆ ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ಪಶುವೈದ್ಯರ ಜಗಲಿಯಲ್ಲಿ ಮುದಿ ನಾಯಿಯೊಂದಿಗೆ ಕೂತಿದ್ದ ನಿವೃತ್ತ ಮೇಷ್ಟ್ರ ಪಕ್ಕಕ್ಕೆ ಇಸ್ತ್ರಿ ಅಂಗಡಿಯ ಅತ್ತೆ ಸೊಸೆ ಬಂದು ಕೂತರು. ಸೊಸೆಯ ಮಡಿಲಿನ ಬುಟ್ಟಿಯಲ್ಲಿ, ನೆಗಡಿಯಿಂದ ಕಣ್ಣು ಅಂಟಿಹೋದ, ಅಂಗೈಯಗಲದ ಬೆಕ್ಕಿನ ಮರಿ.

“ಎರಡು ದಿನದಿಂದ ಏನೂ ಮುಟ್ಟಿಲ್ಲ ಅತ್ತೆ. ಇವತ್ತೂ ತಿನ್ನದಿದ್ರೆ ಉಳಿಯಲ್ಲ ಅಂದಿದ್ದಾರೆ ಡಾಕ್ಟರು.”

“ಮೂಗು ಕಟ್ಟಿದ್ರೆ ವಾಸನೆ ಎಲ್ಲಿ ಹತ್ತುತ್ತೆ? ನೀನು ಫ್ರಿಜ್ಜಿನ ತಣ್ಣನೆ ಮೀನನ್ನ ಹಾಗೇ ಇಟ್ರೆ ಹೇಗೆ ತಿನ್ನುತ್ತೆ? ಈಗ ನೋಡು, ಮೂಗು ಸ್ವಲ್ಪ ಬಿಟ್ಟಿದೆ.”

“ಹೌದಲ್ಲ! ಅದ್ಹೇಗೆ?”

“ನಿನ್ನೆ ಮಧ್ಯಾಹ್ನವೆಲ್ಲ ಇಸ್ತ್ರಿ ಮೇಜಿನ ಕೆಳಗೇ ಇಟ್ಕೊಂಡಿದ್ದೆ. ಒದ್ದೆ ಬಟ್ಟೆಯ ಆವಿ ತಾಗಲಿ ಅಂತ.”

“ಅಯ್ಯೋ! ನೀವು ಬೀದಿಗೆ ಬಿಟ್ಟು ಬಂದ್ರಿ ಅಂದ್ಕೊಂಡು ಗಿರಾಕಿಗಳ ಎದುರಿಗೇ ಕೂಗಾಡಿದ್ನಲ್ಲ! ರಾತ್ರಿ ಬುಟ್ಟಿ ಮನೇಲಿ ಕಂಡಾಗ, ನನ್ನ ಕೂಗಾಟಕ್ಕೆ ವಾಪಸ್ ತಂದ್ರಿ ಅಂದ್ಕೊಂಡೆ. ಕೂಗಿದಾಗಲೇ ಹೇಳಬಾರದಿತ್ತಾ?”

“ನೀನು ಬಾಯಿ ಮುಚ್ಚಿದ್ರೆ ತಾನೆ ನಾನು ತೆರೆಯೋದು?”

“ಬೆಕ್ಕು ಕಂಡ್ರೆ ಆಗಲ್ಲ ಅಂತಿದ್ರಿ.”

“ಈಗಲೂ ಆಗಲ್ಲ. ಅದು ಸೀನೋದು ಕೇಳೋಕಾಗ್ಲಿಲ್ಲ, ಅಷ್ಟೇ.”

ಅತ್ತೆ ಸೆರಗಿನೊಳಗೆ ಬೆಚ್ಚಗಿಟ್ಟಿದ್ದ ಡಬ್ಬಿ ತೆಗೆದು, ಬೇಯಿಸಿದ ಮೀನನ್ನು ಹಿಸುಕಿ ಮರಿಯ ಮೂಗಿಗೆ ಹಿಡಿದರು. ಮರಿ ಮೂಸಿತು, ಸೀನಿತು, ನೆಕ್ಕಿತು. ಆಮೇಲೆ ಬೆರಳನ್ನೇ ಕಚ್ಚಿತು. ದೇವರು ಯಾರ ಕೈಯಿಂದ ಉಣಿಸುತ್ತಾನೋ ಎಂದು ಮೇಷ್ಟ್ರು ಮನಸ್ಸಿನಲ್ಲೇ ಕೈಮುಗಿದರು.

ಒಳಗಿನಿಂದ ಕರೆ ಬಂತು. ಸೊಸೆ ದನಿ ತಗ್ಗಿಸಿದಳು.

“ಅತ್ತೆ, ಆ ಗಿರಾಕಿಗಳು ಸಂಜೆ ಬಟ್ಟೆಗೆ ಬರ್ತಾರಲ್ಲ. ಅವರೆದುರಿಗೇ ನಿಮ್ಮ ಹತ್ರ ತಪ್ಪಾಯ್ತು ಅಂತೀನಿ.”

“ಮೆತ್ತಗೆ ಹೇಳು. ಮೇಜಿನ ಕೆಳಗೆ ಇದು ಮಲಗಿರುತ್ತೆ,” ಎನ್ನುತ್ತ ಅತ್ತೆ ತಾವೇ ಬುಟ್ಟಿ ಎತ್ತಿಕೊಂಡು ಒಳಗೆ ನಡೆದರು.