ನಬಿಸಾಬರ ದೊಡ್ಡಿಯ ಜೋಡಿ ಮರಿಗಳು

ನಬಿಸಾಬರ ಮನೆಯವರಾದ ಬಿಸ್ಮಿಲ್ಲಾ ಭಾಬಿ, ಅವರ ಮಗಳು ಸಬಾ, ಕಮಲಾಪುರದಿಂದ ಕಲಬುರಗಿಯವರೆಗಿನ ಊರುಗಳಿಂದ ಬಂದಿರುವ ಕುರಿಗಾರರೇ, ನಮ್ಮ ಕುರಿ ಕೇಂದ್ರದ ಗೆಳೆಯರೇ — ಎಲ್ಲರಿಗೂ ಈ ನಾಗಣ್ಣನ ನಮಸ್ಕಾರ. ನಮ್ಮನ್ನು ಅಗಲಿದ ನಬಿಸಾಬರ ಜೊತೆ ಹತ್ತೊಂಬತ್ತು ವರ್ಷ ಕೆಲಸ ಮಾಡಿದವನು ನಾನು.

ಎಂಟು ವರ್ಷದ ಹಿಂದೆ ಕಮಲಾಪುರದ ನಮ್ಮ ಕೇಂದ್ರಕ್ಕೆ ಅವಳಿ ಮರಿ ಹಾಕುವ ಹೊಸ ತಳಿ ಬಂತು. ಅರ್ಧ ಕುರಿ ನನ್ನ ದೊಡ್ಡಿಗೆ, ಅರ್ಧ ಅವರ ದೊಡ್ಡಿಗೆ. ನನ್ನಲ್ಲಿ ಮೂವತ್ತರಲ್ಲಿ ಹನ್ನೊಂದು ಗಬ್ಬವೇ ಆಗಲಿಲ್ಲ. ಉಳಿದವು ಒಂದೊಂದೇ ಮರಿ ಹಾಕಿದವು. ಅವರಲ್ಲಿ? ಎಲ್ಲಿ ನೋಡಿದರೂ ಜೋಡಿ, ಜೋಡಿ! ಅದೇ ತಳಿ, ಅದೇ ಟಗರು — ಹೇಗೆ ಸಾಧ್ಯ?

ನನಗೆ ಸಂಶಯ ಹತ್ತಿತು. ಅವರು ಬೆಳಿಗ್ಗೆ ಬೈಕಿನ ಹಿಂದೆ ಚೀಲ ಕಟ್ಟಿಕೊಂಡು ಬರುತ್ತಿದ್ದರು. ಹೊರಗಿನ ಮರಿ ತಂದು ಸೇರಿಸುತ್ತಾರೆ ಅಂದುಕೊಂಡೆ. ಗೋಡೆಯ ಮರೆಯಲ್ಲಿ ಹೀಗೆ — ಬಗ್ಗಿ ನಿಂತು ನೋಡಿದೆ. ಅವರು ನಕ್ಕರೆ, ಯಾಕೆ ನಕ್ಕರು? ಸುಮ್ಮನಿದ್ದರೆ, ಏನು ಮುಚ್ಚಿಡುತ್ತಿದ್ದಾರೆ?

ಮೇಲಿನವರಿಗೆ ಹೆಸರಿಲ್ಲದ ಅರ್ಜಿ ಹೋಯಿತು. ನಬಿಸಾಬರನ್ನು ದೊಡ್ಡಿಯಿಂದ ತೆಗೆದು ಮೂರು ತಿಂಗಳು ಗೇಟಿನಲ್ಲಿ ಕೂರಿಸಿದರು. ಕೊನೆಗೆ ವಿಚಾರಣೆಯ ದಿನ ಚೀಲ ಬಿಚ್ಚಿದರೆ — ಕಪನೂರಿನ ಬೇಳೆ ಮಿಲ್ಲಿನ ತೊಗರಿ ನುಚ್ಚು!

ಅವರು ಹೇಳಿದರು: "ಕುರಿಗೆ ಟಗರ ಬಿಡೂ ಮೂರು ವಾರ ಮೊದ್ಲಿಂದ ಹಿಡಿ ಹಿಡಿ ಹಾಕೀನ್ರೀ. ಮರಿ ಈಯೂ ಮುಂದನೂ ಹಾಕೀನಿ. ಊರ ತಳಿ ಕುರಿಗೂ ಅದೇ ಹಾಕೀನಿ. ಅವೂ ಎಲ್ಲಾ ಗಬ್ಬಾಗ್ಯಾವ, ಖರೆ ಒಂದೊಂದೇ ಮರಿ. ಈ ತಳಿ ಎರಡು ಹಾಕ್ತದ — ಹೊಟ್ಟಿ ತುಂಬಿದ್ರ ಅಷ್ಟೇ."

ಮರುವರ್ಷ ನನ್ನ ದೊಡ್ಡಿಯಲ್ಲೂ ಜೋಡಿ ಮರಿ ಹುಟ್ಟಿದವು. ಎಷ್ಟು ನುಚ್ಚು ಹಾಕಬೇಕೆಂದು ಮುಷ್ಟಿ ಹಿಡಿದು ತೋರಿಸಿದವರು ಅವರೇ.

ಆದರೆ ಅರ್ಜಿಯ ನೋವು ಅವರನ್ನು ಬಿಡಲಿಲ್ಲ. ಒಮ್ಮೆ ಚಹಾ ಕುಡಿಯುತ್ತ ಹೇಳಿದರು: "ನಾಗಣ್ಣಾ, ಆ ಶಿವಶರಣನ ಸಂಗಾಟ ಕೂಡಬ್ಯಾಡೋ. ಅರ್ಜಿ ಬರ್ದಾಂವ ಅವನೇ." ಶಿವಶರಣ ನಮ್ಮ ಕಚೇರಿಯ ಗುಮಾಸ್ತ. ಸಾಯುವವರೆಗೂ ನಬಿಸಾಬರು ಅವನ ಜೊತೆ ಒಂದು ಮಾತೂ ಆಡಲಿಲ್ಲ. ಅವನ ಮಗಳ ಮದುವೆಗೂ ಹೋಗಲಿಲ್ಲ. ಚಹಾ ಕುಡಿದ ಆ ದಿನ ನಾನು — ಹೌದೆಂದು ತಲೆಯಾಡಿಸಿದೆ.

ಭಾಬಿ, ಅರ್ಜಿ ಬರೆದವನು ನಾನು.

ಶಿವಶರಣ, ಹಿಂದಿನ ಸಾಲಿನಲ್ಲಿ ಯಾಕೆ ಕೂತಿದ್ದೀ? ಮುಂದೆ ಬಾ. ಸಬಾಳ ಪಕ್ಕದಲ್ಲಿ ನಿಲ್ಲು.

ನನ್ನನ್ನು ಆಮೇಲೆ ಬೈಯಿರಿ. ಮೊದಲು ನಬಿಸಾಬರಿಗಾಗಿ ದಯವಿಟ್ಟು ಎಲ್ಲರೂ ಎದ್ದು, ಎರಡು ನಿಮಿಷ ಮೌನವಾಗಿ ನಿಲ್ಲೋಣ.