ಮೊದಲು ಕೇಳಿದವರ ಕೋಟೆ

ಹೂಂಗುಟ್ಟೋರಿದ್ರೆ ಕಥೆ, ಇಲ್ದಿದ್ರೆ ಬರೀ ಮುದುಕನ ಕೆಮ್ಮು. ಹೂಂ ಅಂತೀರೇನ್ರಪ್ಪ? ಹಾಗಾದ್ರೆ ಕೇಳಿ.

ಏಳು ಹೊಳೆ ಆಚೆ, ಮರಳುಗಾಡಿನ ಆಚೆ, ಒಂದು ಕಲ್ಲಿನ ಸೀಮೆ ಇತ್ತಂತೆ. ಹೆಸರು ಕೇಳ್ಬೇಡಿ, ನನಗೂ ಗೊತ್ತಿಲ್ಲ. ನಮ್ಮೂರಿಗೆ ಇಂಗು ಮಾರೋಕೆ ಬರ್ತಿದ್ದೋನು ನಮ್ಮಜ್ಜನಿಗೆ ಹೇಳಿದ್ದು. ಅಲ್ಲಿ ಕುರಿ ಕಾಯೋ ಬ್ರಾಹುಯಿ ಜನ. ಕಣ್ಣಿಗೆ ಖನ್ ಅಂತಾರಂತೆ, ಕಲ್ಲಿಗೆ ಖಲ್ ಅಂತಾರಂತೆ. ಎಲ್ಲಿಯ ಅವರು, ಎಲ್ಲಿಯ ನಾವು! ಯಾವ ಕಾಲದ ದಾಯಾದಿಗಳೋ ಏನೋ.

ಆ ಜನಕ್ಕೊಂದು ಕಟ್ಟು. ಬಾಗಿಲಿಗೆ ಯಾರೇ ಬರಲಿ, ಮನೆಯೋರು ಮೊದಲು ಕೇಳ್ಬೇಕು: "ದಾರಿ ಹೇಗಿತ್ತು? ಏನು ಸುದ್ದಿ?" ಬಂದೋರು ಕಂಡಿದ್ದೆಲ್ಲ ನಿಜ ಹೇಳ್ಬೇಕು. ಆಮೇಲೇ ರೊಟ್ಟಿ. ಕೇಳದೆ ಹೇಳಿದ್ರೆ? ಅದು ಚಾಡಿ. ಚಾಡಿಕೋರರಿಗೆ ಗುಡಾರದಲ್ಲಿ ಜಾಗ ಇಲ್ಲ.

ಆ ಸೀಮೆಗೊಂದು ಕೋಟೆ, ಕೋಟೆಗೊಬ್ಬ ದೊರೆ. ಅವನು ಬ್ರಾಹುಯಿ ಅಲ್ಲ, ಹೊರಗಿನೋನು. ಕಳ್ಳರ ದಂಡಿಗೆ ಹೆದರಿ ಕಣಿವೆ ಕಾಯೋಕೆ ಈ ಕುರಿಯೋರನ್ನ ಕರೆಸ್ದ. ನಂಬಿದ್ನೇ? ಎಲ್ಲಿ ನಂಬ್ತಾನೆ! ಏಳು ಗುಂಪಿಂದ ಏಳು ಜನರನ್ನ ಒತ್ತೆ ಇಟ್ಕೊಂಡ. ಅವರಲ್ಲಿ ಒಬ್ಬಳು ನಾಜು, ಮಾಹಗುಲ್ ಅನ್ನೋ ಮುದುಕಿಯ ಒಬ್ಬಳೇ ಮಗಳು. ಕೋಟೆ ಅಂಗಳದಲ್ಲಿ ಗೋಧಿ ಬೀಸೋದು ಅವಳ ಪಾಡು.

ಚಳಿಗಾಲ ಬಂತು. ಹಿಮ ಬಿದ್ರೆ ಕಣಿವೆ ತಾನೇ ಮುಚ್ಚುತ್ತೆ, ಕಾವಲು ಬೇಡ. ಕುರಿಯೋರೆಲ್ಲ ಪ್ರತಿ ವರ್ಷದ ಹಾಗೆ ಮಂದೆ ಹೊಡ್ಕೊಂಡು ಬಯಲಿಗಿಳಿದ್ರು. ಒಂದು ಕುಂಟು ಕುರಿ ನಡೀಲಾರದು ಅಂತ ಮಾಹಗುಲ್ ಒಬ್ಬಳೇ ಮೇಲೆ ಉಳಿದ್ಲು. ಆದ್ರೆ ಆ ವರ್ಷ ಹಿಮ ಬೀಳಲೇ ಇಲ್ಲ ನೋಡಿ! ಕಣಿವೆಯಾಚೆ ಮುನ್ನೂರು ಕುದುರೆ ಬೀಡುಬಿಟ್ಟಿದ್ದನ್ನ ಮುದುಕಿ ಕಂಡ್ಲು. ಕೋಟೆ ಸುಟ್ರೆ ಮಗಳು ಉಳೀತಾಳಾ? ಎದೆ ಬಡ್ಕೊಂಡು ಓಡಿದ್ಲು.

ಮೊದಲ ದಿನ ದೊರೆ ಮುಂದೆ ನಿಂತ್ಲು. ಈಗ ಕೇಳ್ತಾನೆ, ಈಗ ಕೇಳ್ತಾನೆ ಅಂತ ಕಾದ್ಲು. "ಹಸಿದಿದ್ದಾಳೆ, ರೊಟ್ಟಿ ಕೊಡ್ರೋ" ಅಂದ ದೊರೆ. ಕೊಟ್ರು. ಕೇಳಲಿಲ್ಲ.

ಎರಡನೇ ದಿನ ಮತ್ತೆ ನಿಂತ್ಲು. "ಚಳಿ ಆಗಿರ್ಬೇಕು, ಕಂಬಳಿ ಕೊಡ್ರೋ" ಅಂದ. ಕೊಟ್ರು. ಕೇಳಲಿಲ್ಲ. ದೊರೆ ಕೆಟ್ಟೋನಲ್ಲ ಕಣ್ರಪ್ಪ, ಕೊಡೋ ಕೈಯೇ. ಕುರಿ ಕಾಯೋಳ ಹತ್ರ ತಿಳ್ಕೊಳ್ಳೋದೇನಿದೆ ಅನ್ನೋ ಸೊಕ್ಕು, ಅಷ್ಟೇ.

ಮೂರನೇ ದಿನ ದೊರೆ ಬೇಟೆಗೆ ಹೊರಟಿದ್ದ. ಹೆತ್ತ ಕರುಳು ತಡೀಬೇಕಲ್ಲ! ಕಟ್ಟೂ ಹಾಳಾಗ್ಲಿ, ಗುಡಾರದ ಜಾಗವೂ ಹಾಳಾಗ್ಲಿ ಅಂತ ಮುದುಕಿ ಕುದುರೆ ಲಗಾಮು ಹಿಡಿದ್ಲು.

"ಬುದ್ಧೀ, ಕಣಿವೇಲಿ..."

"ಬಿಡೇ ಮುದುಕಿ! ನಿನ್ನನ್ನ ಕೇಳಿದೋರ್ಯಾರು?"

ಹೋಗೇಬಿಟ್ಟ. ಮುದುಕಿ ಅಲ್ಲೇ ಕುಸಿದು ಕೂತ್ಲು, ಅತ್ಲು. ಹೌದಲ್ಲ, ಯಾರೂ ಕೇಳಿರಲಿಲ್ಲ.

ಆಗ ಅಂಗಳದಲ್ಲಿ ಬೀಸೋ ಕಲ್ಲಿನ ಸದ್ದು ನಿಂತಿತು. ನಾಜು ಎದ್ದು, ಕೈಯ ಹಿಟ್ಟು ಒರೆಸ್ಕೊಂಡು ಬಂದ್ಲು. ಮನೆ ಯಜಮಾನಿ ಹಾಗೆ ನಿಂತು ಗಟ್ಟಿಯಾಗಿ ಕೇಳಿದ್ಲು: "ಬಾ ಅವ್ವಾ, ಕೂತ್ಕೋ. ದಾರಿ ಹೇಗಿತ್ತು? ಏನು ಸುದ್ದಿ?"

ಕೋಟೆ ಕಾವಲಿನೋರು ನಕ್ರು. ಒತ್ತೆ ಆಳು ಕೋಟೇಲಿ ನಿಂತು ಅತಿಥಿ ಕರೆಯೋದಾ!

ಮಾಹಗುಲ್ ಕಣ್ಣೊರೆಸ್ಕೊಂಡು ಶುರು ಮಾಡಿದ್ಲು. ಕುಂಟು ಕುರಿಯಿಂದ ಹಿಡಿದು ಮುನ್ನೂರು ಕುದುರೆ ತನಕ ಒಂದೂ ಬಿಡದೆ ಹೇಳಿದ್ಲು. ನಗು ನಿಂತಿತು. ಕಾವಲಿನೋರ ಹೆಂಡ್ರು ಮಕ್ಕಳೂ ಆ ಕೋಟೆಯೊಳಗೇ ಇದ್ರಲ್ಲ! ಬಾಗಿಲು ತೆಗೆದ್ರು. ಒತ್ತೆಯ ಏಳು ಜನ ಮುಂದೆ, ಕಾವಲಿನೋರು ಹಿಂದೆ ಕಣಿವೆ ತಲೆಗೆ ಹತ್ತಿದ್ರು. ದಂಡು ಕೆಳಗೆ ಬಂದಾಗ ಬಂಡೆ ಉರುಳಿಸಿದ್ರು ನೋಡಿ, ಮುನ್ನೂರು ಕುದುರೆ ಬಂದ ದಾರಿ ಹಿಡಿದ್ವು!

ನಾಕು ದಿನ ಬಿಟ್ಟು ದೊರೆ ಬೇಟೆ ಮುಗಿಸಿ ಬಂದ. ಬಾಗಿಲಲ್ಲಿ ನಾಜು ನಿಂತಿದ್ಲು, ಹಿಂದೆ ಕಾವಲಿನೋರು. ಯಾರೂ ಕೈಮುಗೀಲಿಲ್ಲ.

"ಬನ್ನಿ ಬುದ್ಧಿ, ಕೂತ್ಕೊಳ್ಳಿ," ಅಂದ್ಲು ನಾಜು. "ದಾರಿ ಹೇಗಿತ್ತು? ಏನು ಸುದ್ದಿ?"

ದೊರೆ ಅವಳ ಮುಖ ನೋಡ್ದ, ಕಾವಲಿನೋರ ಮುಖ ನೋಡ್ದ, ಕೋಟೆ ನೋಡ್ದ. ಕೇಳೋರು ಮನೆಯೋರು, ಹೇಳೋರು ಬಂದೋರು. ಅವನಿಗೆ ಆವಾಗ ಅರ್ಥ ಆಯ್ತು. ಮೆಲ್ಲಗೆ ಕುದುರೆ ಇಳಿದು, ಹೊಸ್ತಿಲ ಹೊರಗೆ ಕೂತು ಹೇಳಿದ: "ಬೇಟೆ ಸಿಗಲಿಲ್ಲ ತಾಯಿ."

ಕೂಡ್ಲೇ ರೊಟ್ಟಿ ಕೊಟ್ರು. ಹೊಸ ಕಂಬಳಿ ಕೊಟ್ಟು ಕಳಿಸಿದ್ರು.

ಅವತ್ತಿಂದ ಆ ಕೋಟೆ ಕುರಿಯೋರದ್ದಾಯ್ತಂತೆ. ನಿಜವೋ ಸುಳ್ಳೋ, ಇಂಗು ಮಾತ್ರ ಘಮಘಮ ಇತ್ತು ಅಂತಿದ್ದ ನಮ್ಮಜ್ಜ.

ಕಥೆ ಅಲ್ಲಿ ಬೆಟ್ಟ ಹತ್ತಿತು, ನಾನು ಇಲ್ಲಿ ಜಗಲಿ ಇಳಿದೆ. ಏ, ಕಂಬದ ಹಿಂದೆ ಕೂತೋಳೇ, ಸಂಜೆಯಿಂದ ಬಾಯಿ ಬಿಟ್ಟಿಲ್ಲ ನೀನು. ಬಾ ತಾಯಿ, ಮುಂದೆ ಬಾ. ದಾರಿ ಹೇಗಿತ್ತು? ಏನು ಸುದ್ದಿ?