ಕಲ್ಲೇಶನ ಗಾಡಿಯ ಕರಿ ಪೈಪು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಸುವರ್ಣಕ್ಕ, ಮಗಳು ಗಾನವಿ, ನಮ್ಮ ಪಿಕಪ್ ಸ್ಟ್ಯಾಂಡಿನ ಅಧ್ಯಕ್ಷರಾದ ಸಣ್ಣತಿಮ್ಮಯ್ಯನವರು, ಹಂದನಕೆರೆಯಿಂದ ಬಂದಿರುವ ಹುಚ್ಚರಂಗಯ್ಯನವರು, ಇವತ್ತಿನ ಬಾಡಿಗೆ ಬಿಟ್ಟು ಬಂದು ನಿಂತಿರುವ ನನ್ನ ಡ್ರೈವರ್ ಅಣ್ಣತಮ್ಮಂದಿರು — ನಿಮಗೆಲ್ಲ ಈ ಬಾಲರಾಜುವಿನ ನಮಸ್ಕಾರ. ಕುರ್ಚಿ ಬೇಡ ಕಣ್ರೀ, ಇರಲಿ. ಬೆಳಗ್ಗೆಯಿಂದ ಒಂದು ಕಡೆ ಕೂರೋಕೆ ಆಗುತ್ತಿಲ್ಲ. ನಿಂತೇ ಮಾತಾಡುತ್ತೇನೆ.

"ನಮ್ಮೆಲ್ಲರ ಆತ್ಮೀಯರೂ ಹಿರಿಯ ಚಾಲಕರೂ ಆಗಿದ್ದ ಶ್ರೀ ಕಲ್ಲೇಶ್ ಅವರು ಹನ್ನೆರಡು ದಿನಗಳ ಹಿಂದೆ ಹೃದಯಾಘಾತದಿಂದ ಲಿಂಗೈಕ್ಯರಾದರು." ಹೀಗೆ ಶುರುಮಾಡು ಅಂತ ಸಂಘದವರು ಒಂದು ಹಾಳೆ ಬರೆದುಕೊಟ್ಟಿದ್ದಾರೆ. ಸರಳಜೀವಿ, ಸ್ನೇಹಜೀವಿ, ಅಜಾತಶತ್ರು — ಎಲ್ಲ ಇದೆ ಇದರಲ್ಲಿ. ಸುಳ್ಳೇನಲ್ಲ. ಆದರೆ ಹತ್ತು ವರ್ಷ ಅವನನ್ನು "ಲೇ ಕಲ್ಲೇಶ" ಅಂತಲೇ ಕರೆದವನು ನಾನು. ಅವರು, ಇವರು ಅನ್ನೋಕೆ ಬಾಯಿ ಬರುತ್ತಿಲ್ಲ. ಹಾಳೆಯನ್ನು ಜೇಬಿಗೆ ಇಟ್ಟುಕೊಳ್ಳುತ್ತೇನೆ. ತಪ್ಪು ತಿಳಿಯಬೇಡಿ.

ಹೊರಗೆ ಬೇವಿನ ಮರದ ಕೆಳಗೆ ಅವನ ಗಾಡಿ ನಿಂತಿದೆ. ಬರುವಾಗ ನೋಡಿಕೊಂಡೇ ಬಂದಿದ್ದೀರಿ. ಬಿಳಿ ಪಿಕಪ್ಪು. ಎಡಗಡೆ ಬಾಗಿಲ ಪಕ್ಕದಿಂದ ಒಂದು ಕರಿ ಪೈಪು ಮೇಲಕ್ಕೆ ಹೋಗಿದೆ, ಅದರ ತಲೆ ಮೇಲೆ ಬೋರಲು ಹಾಕಿದ ಅಲ್ಯೂಮಿನಿಯಂ ಡಬರಿ. ಅದನ್ನು ನೋಡಿ ನಾವು ನಕ್ಕಿದ್ದಕ್ಕೆ ಲೆಕ್ಕ ಇಲ್ಲ. "ಏನ್ಲಾ ಕಲ್ಲೇಶ, ಗಾಡಿ ಮೇಲೆ ಅನ್ನಕ್ಕಿಟ್ಟಿದ್ದೀಯಾ?" ಅಂತ ಕೇಳದವರು ಈ ಸ್ಟ್ಯಾಂಡಿನಲ್ಲಿ ಯಾರಿದ್ದಾರೆ ಹೇಳಿ. ಅವನೂ ನಗುತ್ತಿದ್ದ. "ಬೆಂದ್ ಮೇಲೆ ಕರೀತೀನಿ, ಬಾ" ಅನ್ನುತ್ತಿದ್ದ.

ನಾನು ಇವತ್ತು ಆ ಪೈಪಿನ ವಿಷಯ ಮಾತ್ರ ಹೇಳುತ್ತೇನೆ. ಬೇರೆಯವರು ಬೇರೆ ಹೇಳುತ್ತಾರೆ. ನಾನು ಇದನ್ನು ಹೇಳಲೇಬೇಕು.

ನಮ್ಮ ಗಾಡಿಗಳ ಪಾಡು ನಿಮಗೆ ಗೊತ್ತು. ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ ಕೆಳಗೆ, ಚಕ್ರದ ಹತ್ತಿರ ಇರುತ್ತದೆ. ತೋಟದೊಳಗೆ ಹೋದರೆ ಮಣ್ಣು, ನಾರಿನ ಫ್ಯಾಕ್ಟರಿಗೆ ಹೋದರೆ ತೆಂಗಿನ ಮಟ್ಟೆಯ ಪುಡಿ — ಎಲ್ಲ ಅದರ ಹೊಟ್ಟೆಗೇ. ಫಿಲ್ಟರ್ ಬಡಿದೂ ಬಡಿದೂ ನಮಗೆ ಸಾಕಾಗಿತ್ತು. ನಾನು ಆಗ ತುರುವೇಕೆರೆ ಕಡೆಯಿಂದ ಹಳೇ ಗಾಡಿ ತಗೊಂಡು ಈ ಸ್ಟ್ಯಾಂಡಿಗೆ ಬಂದು ಎರಡು ತಿಂಗಳಾಗಿತ್ತು. ನನ್ನನ್ನು ಮಾತಾಡಿಸುತ್ತಿದ್ದವನು ಇವನೊಬ್ಬನೇ. ಒಂದು ದಿನ ಬಂದು, "ಕೆಳಗ್ಲ ಗಾಳಿ ಕೆಟ್ಟೈತೆ ಕಣ್ಲಾ ಬಾಲ, ಮೇಲ್ಗಡೆ ಚೆನ್ನಾಗೈತೆ. ಮರ ಹತ್ತೋನು ನಾನು, ನಂಗೊತ್ತಿಲ್ವಾ?" ಅಂದ. ಮನೆಗೆ ಕರೆದುಕೊಂಡು ಹೋದ.

ಸುವರ್ಣಕ್ಕ, ನಿಮ್ಮ ಹಿತ್ತಿಲಲ್ಲೇ ಮಾಡಿದ್ದು. ಬೋರ್‌ವೆಲ್‌ಗೆ ಇಳಿಸಿ ಉಳಿದಿದ್ದ ಕರಿ ಪೈಪು. ಸುಮ್ಮನೆ ಕಾಯಿಸಿ ಬಗ್ಗಿಸಿದರೆ ಮಡಿಕೆ ಬಿದ್ದುಬಿಡುತ್ತದೆ. ಅದಕ್ಕೆ ಒಳಗೆ ಮರಳು ತುಂಬಿ, ಎರಡೂ ಕಡೆ ಬಟ್ಟೆ ತುರುಕಿ, ತೆಂಗಿನ ಚಿಪ್ಪಿನ ಕೆಂಡದ ಮೇಲೆ — ಹೀಗೆ — ತಿರುಗಿಸ್ತಾ ತಿರುಗಿಸ್ತಾ ಕಾಯಿಸಿದ. ನಾನು ಆ ತುದಿ, ಅವನು ಈ ತುದಿ. ಜಾಯಿಂಟಿಗೆ ಹಳೇ ಟ್ಯೂಬು ಕತ್ತರಿಸಿ ಸುತ್ತಿದೆವು, ಮೇಲೆ ಕ್ಲಾಂಪು ಬಿಗಿದೆವು. ತುದಿಗೆ ಜಾಲರಿ, ಜಾಲರಿಗೆ ನಿಮ್ಮ ನೀಲಿ ಕಾಟನ್ ಸೀರೆಯ ಒಂದು ತುಂಡು. ಆ ಬಟ್ಟೆಗೆ ಎಂಜಿನ್ ಆಯಿಲ್ ನಾಲ್ಕು ಹನಿ ಸವರಿದರೆ ಧೂಳು ಅಲ್ಲೇ ಅಂಟಿಕೊಳ್ಳುತ್ತದೆ ಅಂತ ಅವನ ಲೆಕ್ಕಾಚಾರ. ಆ ಸೀರೆ ಹರಿದಿದ್ದಕ್ಕೆ ನೀವು ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದಿರಿ.

ಎಲ್ಲ ಆದಮೇಲೆ ಗಾಡಿ ಸ್ಟಾರ್ಟ್ ಮಾಡಿಸಿ, ಮೇಲೆ ಹತ್ತಿ, ಪೈಪಿನ ಬಾಯಿಗೆ ಅಂಗೈ ಮುಚ್ಚಿದ. ಎಂಜಿನ್ ಒದ್ದಾಡಿ ಒದ್ದಾಡಿ ನಿಂತುಹೋಯಿತು. ನಾನು ಕೆಟ್ಟಿತು ಅಂದುಕೊಂಡೆ. ಅವನು ಮೇಲೆ ಕುಣಿಯುತ್ತಿದ್ದಾನೆ! ಬಾಯಿ ಮುಚ್ಚಿದರೆ ನಿಂತಿತು ಅಂದರೆ ನಡುವೆ ಎಲ್ಲೂ ಸೋರಿಕೆ ಇಲ್ಲ ಅಂತ ಅರ್ಥ. ಅವತ್ತು ಅವನ ಮುಖ ನೋಡಬೇಕಿತ್ತು ನೀವು.

ಏಳು ತಿಂಗಳು ಗಾಡಿ ಚೆನ್ನಾಗಿ ಓಡಿತು. ಫಿಲ್ಟರ್ ತೆಗೆದರೆ ಹೊಸದರ ಹಾಗೆ ಇರುತ್ತಿತ್ತು. ಆಮೇಲೆ ಡಿಸೆಂಬರ್ ಬಂತು.

ಇನ್ನು ಮುಂದಿನದು ನಿಮಗೆಲ್ಲ ಗೊತ್ತಿರುವ ಕತೆ. ಹುಚ್ಚರಂಗಯ್ಯನವರ ಕೊಬ್ಬರಿ ತುಂಬಿಕೊಂಡು ಬೆಳಗಿನ ಚಳಿಯಲ್ಲಿ ಹಂದನಕೆರೆ ಬಿಟ್ಟ ಗಾಡಿ ಏರಿನಲ್ಲಿ ನಿಂತಿತು. ಕರಿ ಹೊಗೆ ಕಕ್ಕಿ ನಿಂತಿತು. ನನ್ನ ಗಾಡಿ ಗ್ಯಾರೇಜಿನಲ್ಲಿತ್ತು, ನಾನೂ ಅವನ ಜೊತೆಗಿದ್ದೆ. ಡೀಸೆಲ್ ಲೈನ್ ಬಿಚ್ಚಿದೆವು, ಪಂಪ್ ನೋಡಿದೆವು. ಬಿಸಿಲು ಏರಿ, ಹತ್ತೂವರೆ ಹೊತ್ತಿಗೆ, ಏನೂ ಆಗಿಲ್ಲ ಅನ್ನೋ ಹಾಗೆ ಗಾಡಿ ತಾನಾಗಿ ಸ್ಟಾರ್ಟ್ ಆಯಿತು. ತಿಪಟೂರಿಗೆ ಹೋಗುವ ಹೊತ್ತಿಗೆ ಹರಾಜು ಮುಗಿದಿತ್ತು. ಮುಂದಿನ ಹರಾಜಿನಲ್ಲಿ ರೇಟು ಬಿದ್ದುಹೋಯಿತು. ಹುಚ್ಚರಂಗಯ್ಯನವರು ಸ್ಟ್ಯಾಂಡಿಗೆ ಬಂದು ಕೂಗಾಡಿದರು. ಅವರು ಕೂಗಾಡಿದ್ದು ನ್ಯಾಯವಾಗಿಯೇ ಇತ್ತು.

ಕಾರಣ ಸಿಕ್ಕಿದ್ದು ಮಾರನೇ ದಿನ ಬೆಳಗ್ಗೆ. ಅವನು ಡಬರಿ ಎತ್ತಿದ. ಸೀರೆಯ ತುಂಡು ಬೆಳ್ಳಗೆ, ಗಟ್ಟಿಯಾಗಿ, ಮೇಣ ಬಳಿದ ಹಾಗೆ ಕೂತಿತ್ತು; ಗಾಳಿ ಹೋಗಲು ಸಂದೇ ಇರಲಿಲ್ಲ. ಮೂಸಿ ನೋಡಿದ. ಕೊಬ್ಬರಿ ಎಣ್ಣೆ. ಚಳಿಗಾಲ ಬಂದರೆ ಎಣ್ಣೆ ಬಾಟಲನ್ನು ಬಚ್ಚಲೊಲೆ ಪಕ್ಕ ಇಡುವ ಜನ ನಾವು. ಅದು ಹೆಪ್ಪುಗಟ್ಟುತ್ತದೆ ಅಂತ ನಮಗೆ ಯಾರಾದರೂ ಹೇಳಿಕೊಡಬೇಕಾ?

ಆಮೇಲೆ ಏನಾಯಿತು — ಇದೇ ಜಾಗದಲ್ಲಿ ಸಭೆ ಸೇರಿತು. ಗಾಡಿಗೆ ಮನಸ್ಸಿಗೆ ಬಂದ ಹಾಗೆ ಏನೇನೋ ಮಾಡಿ ಸ್ಟ್ಯಾಂಡಿನ ಹೆಸರು ಕೆಡಿಸಿದ ಅಂತ ಕಲ್ಲೇಶನನ್ನು ಆರು ತಿಂಗಳು ಬಾಡಿಗೆ ಸರದಿಯಿಂದ ಹೊರಗಿಟ್ಟೆವು. ಪುಸ್ತಕದಲ್ಲಿ ಬರೆದೆವು. ನಾನೂ ಸಹಿ ಹಾಕಿದೆ.

ಸ್ವಲ್ಪ ನೀರು ಕೊಡ್ರಪ್ಪ.

— ಸರಿ. ಹೇಳುತ್ತೇನೆ.

ಆ ಬಟ್ಟೆಗೆ ಕೊಬ್ಬರಿ ಎಣ್ಣೆ ಹಚ್ಚಿದ್ದು ಕಲ್ಲೇಶ ಅಲ್ಲ. ನಾನು.

ಗಾಡಿ ನಿಂತದ್ದರ ಹಿಂದಿನ ದಿನ ಸಂಜೆ ಹುಚ್ಚರಂಗಯ್ಯನವರ ಕಣದಲ್ಲಿ ಅವನು ಕೊಬ್ಬರಿ ಮೂಟೆ ಜೋಡಿಸುತ್ತಿದ್ದ. ನಾನು ಸುಮ್ಮನೆ ನಿಂತಿದ್ದೆ. ಒಂದು ಸಹಾಯ ಆಗಲಿ ಅಂತ ಡಬರಿ ಎತ್ತಿ, ಬಟ್ಟೆ ಬಿಚ್ಚಿ, ಒಗೆದು ಒಣಗಿಸಿದೆ. ಎಂಜಿನ್ ಆಯಿಲ್ ಡಬ್ಬ ಕಾಣಲಿಲ್ಲ. ಹುಚ್ಚರಂಗಯ್ಯನವರೇ, ನಿಮ್ಮ ಮನೆಯಲ್ಲೇ ಎಣ್ಣೆ ಕೇಳಿದೆ. "ತಲೆಗಾ?" ಅಂದರು ನಿಮ್ಮ ಸೊಸೆ. ಹೂಂ ಅಂದೆ. ಅವನು ನಾಲ್ಕು ಹನಿ ಸವರುತ್ತಿದ್ದ. ನಾನು ಪೂರ್ತಿ ಅದ್ದಿ, ಹಿಂಡದೆ, ಹಾಗೇ ಕಟ್ಟಿದೆ. ಅವನಿಗೆ ಹೇಳಲೂ ಇಲ್ಲ. ಹೇಳುವಂಥದ್ದು ಏನಿದೆ ಅಂದುಕೊಂಡೆ.

ಗಾಡಿ ನಿಂತ ಮಾರನೇ ದಿನ ಆ ಬಟ್ಟೆ ಮೂಸಿ ನೋಡಿ ಅವನು ನನ್ನ ಕಡೆ ತಿರುಗಿದ. ಬೈತಾನೆ ಅಂತ ಕಾದೆ. ಬೈಯಲಿಲ್ಲ. ಸಭೆಯಲ್ಲಿ, ಸಣ್ಣತಿಮ್ಮಯ್ಯನವರೇ, ನೀವೇ ಕೇಳಿದಿರಿ — ಎಣ್ಣೆ ಹಚ್ಚಿದ್ದು ಯಾರು ಅಂತ. ನೆನಪಿದೆಯಾ? ಅವನು ತಕ್ಷಣ ಬಾಯಿ ಬಿಡಲಿಲ್ಲ. ನೀವೆಲ್ಲ ಅವನು ನಾಚಿಕೆಯಿಂದ ಸುಮ್ಮನಿದ್ದಾನೆ ಅಂದುಕೊಂಡಿರಿ. ಅವನು ನನಗೆ ಸಮಯ ಕೊಡುತ್ತಿದ್ದ. ನಾನು ನೆಲ ನೋಡಿದೆ. ಆಗ ಅವನು, "ನಾನೇ ಕಣಣ್ಣ" ಅಂದ.

ಸಭೆ ಮುಗಿದಮೇಲೆ ಟೀ ಅಂಗಡಿ ಹಿಂದೆ ಅವನ ಕೈ ಹಿಡಿದುಕೊಂಡೆ. ಯಾಕೆ ಹಾಗಂದೆ ಅಂತ ಕೇಳಿದೆ. "ನೀನ್ ಬಂದು ಒಂಬತ್ ತಿಂಗ್ಳಾಗೈತೆ. ನಿನ್ನ ಹೊರಗಾಕಿದ್ರೆ ಎಲ್ಲಿಗ್ಲಾ ಹೋಗ್ತೀಯ? ನಂಗೆ ಮೂವತ್ ಮರ ಅವೆ, ಗಂಜಿಗೇನೂ ಮೋಸ ಇಲ್ಲ, ಬುಡು" ಅಂದ. ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿದ. "ಹೇಳ್ಬೇಕು ಅನ್ಸಿದ್ ದಿನ ನೀನೇ ಹೇಳು" ಅಂದ.

ಒಂಬತ್ತು ವರ್ಷ ಆಯಿತು. ನನಗೆ ಹೇಳಬೇಕು ಅನ್ನಿಸಿದ ದಿನಗಳಿಗೆ ಲೆಕ್ಕ ಇಲ್ಲ. ಪ್ರತಿ ಸಲ ನಾಳೆ ಅಂದೆ. ಈ ದೀಪಾವಳಿಗೆ, ಬರೋ ಯುಗಾದಿಗೆ, ಗಾಡಿ ಸಾಲ ತೀರಲಿ, ಮನೆ ಆಗಲಿ. ಅವನು ಆಮೇಲೆ ಒಂದು ದಿನವೂ, ಒಂದೇ ಒಂದು ದಿನವೂ, ಅದನ್ನು ಎತ್ತಲಿಲ್ಲ. ಎತ್ತಿ ಜಗಳ ಆಡಿದ್ದರೆ ನಾನು ಆವತ್ತೇ ಹೇಳಿಬಿಡುತ್ತಿದ್ದೆನೇನೋ. ಅದನ್ನೂ ಅವನ ಮೇಲೆ ಹಾಕುವುದು ಬೇಡ.

ಆ ಆರು ತಿಂಗಳು ಅವನು ಏನು ಮಾಡಿದ ಗೊತ್ತಾ? ನೀವು ಯಾರೂ ಮುಟ್ಟದ ಕೆಲಸ. ನಾರಿನ ಫ್ಯಾಕ್ಟರಿಗೆ ಗಾಡಿಯಲ್ಲಿ ಮಟ್ಟೆ ಹೊಡೆದ. ಸಂಜೆ ಬಂದರೆ ರೆಪ್ಪೆ ಮೇಲೆಲ್ಲ ಕಂದು ಪುಡಿ. ಗಾಡಿಗೆ ಒಳ್ಳೆ ಗಾಳಿ ಇತ್ತು. ಅವನು ಆ ಪುಡಿಯನ್ನೇ ಉಸಿರಾಡಿದ. ಡಾಕ್ಟರು ಹೃದಯ ಅಂದರು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದರು. ನಾನೇ ಹೋಗಿ ಕೇಳಿದೆ, ಎರಡು ಸಲ ಕೇಳಿದೆ. ಇಲ್ಲ ಅಂದರು. ಸರಿ ಅಂದುಕೊಂಡು ಬಂದೆ.

ಗಾನವಿ. ಈ ಕಡೆ ನೋಡಮ್ಮ.

ನೀನು ಆಗ ಏಳನೇ ಕ್ಲಾಸು. ಸ್ಕೂಲಿನಲ್ಲಿ "ಡಬರಿ ಗಾಡಿ ಬಂತು" ಅಂತ ಆಡಿಕೊಂಡರು ಅಂತ ಆ ಗಾಡಿ ಹತ್ತುವುದನ್ನೇ ಬಿಟ್ಟೆ. ಅಪ್ಪ ಬಿಡ್ತೀನಿ ಅಂದರೂ ನಡೆದುಕೊಂಡು ಹೋಗುತ್ತಿದ್ದೆ. ಅವನು ನಿನ್ನ ಹಿಂದೆ ನಿಧಾನಕ್ಕೆ ಗಾಡಿ ಬಿಟ್ಟುಕೊಂಡು ಬರುತ್ತಿದ್ದ, ನಾನು ನೋಡಿದ್ದೇನೆ. ಹೋದ ವರ್ಷ ಲೈಸೆನ್ಸ್ ಬಂತು ಅಂತ ಸಿಹಿ ಕೊಡಲು ಬಂದವಳು ಕೇಳಿದೆ: "ಮಾವ, ಅಪ್ಪ ಅಷ್ಟೆಲ್ಲ ತಿಳ್ಕೊಂಡೋರು, ಅವತ್ತು ಅಂಥ ದಡ್ಡ ಕೆಲ್ಸ ಯಾಕ್ ಮಾಡಿದ್ರು?" ನಾನು ಸಿಹಿ ಬಾಯಿಗೆ ಹಾಕಿಕೊಂಡು, "ಹೋಗ್ಲಿ ಬುಡವ್ವ" ಅಂದೆ. ನಿನ್ನ ಎದುರಿಗೇ ಅಂದೆ. ಅವತ್ತಾದರೂ ಹೇಳಿದ್ದರೆ ಅವನು ಇರುವಾಗಲೇ ನಿನಗೆ ಗೊತ್ತಾಗುತ್ತಿತ್ತು. ಇನ್ನು ಅದನ್ನು ನಾನು ಹೇಗೆ ತಂದುಕೊಡಲಿ?

ನಿನ್ನೆ ನೀನೇ ಫೋನ್ ಮಾಡಿದೆ. ಗಾಡಿ ಮಾರಬೇಕು, ಆ ಪೈಪು ಇದ್ದರೆ ಯಾರೂ ಕೊಳ್ಳುವುದಿಲ್ಲ ಅಂತ ಬ್ರೋಕರ್ ಹೇಳಿದ, ಬಂದು ಬಿಚ್ಚಿಕೊಡಿ ಅಂದೆ. ಬೆಳಗ್ಗೆ ನಾನು ಬಂದೆ. ಸ್ಪ್ಯಾನರ್ ಹಾಕಿದೆ. ಒಂದು ಸುತ್ತು ತಿರುಗಿಸಿ ಮತ್ತೆ ಬಿಗಿ ಮಾಡಿದೆ. ಇಗೋ, ಸ್ಪ್ಯಾನರ್ ಇನ್ನೂ ನನ್ನ ಕೈಯಲ್ಲೇ ಇದೆ. ತಗೋ. ಬಿಚ್ಚುವುದೋ ಬಿಡುವುದೋ ನೀನು ತೀರ್ಮಾನ ಮಾಡು. ಆದರೆ ಬಿಚ್ಚುವ ಮುಂಚೆ ತಿಳಿದುಕೋ, ನಿಮ್ಮಪ್ಪ ಮಾಡಿದ ಕೆಲಸದಲ್ಲಿ ಒಂದು ತಪ್ಪೂ ಇರಲಿಲ್ಲ. ಇವತ್ತಿಗೂ ಆ ಜಾಯಿಂಟ್ ಸೋರುವುದಿಲ್ಲ. ನಾನು ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿ, ಮೇಲೆ ಹತ್ತಿ, ಅಂಗೈ ಇಟ್ಟು ನೋಡಿದೆ.

ಸಣ್ಣತಿಮ್ಮಯ್ಯನವರೇ, ಒಂದೇ ಒಂದು ಬೇಡಿಕೆ. ಆ ನಡಾವಳಿ ಪುಸ್ತಕ ಬೀರುವಿನಲ್ಲೇ ಇದೆ. ಇವತ್ತೇ ತೆಗೆಸಿ. ಕಲ್ಲೇಶನ ಹೆಸರು ಹೊಡೆದುಹಾಕಿ ಅಲ್ಲಿ ಬಾಲರಾಜು ಅಂತ ಬರೆಯಿರಿ. ಆರು ತಿಂಗಳು ನನ್ನ ಹೆಸರಿಗೆ. ನಾಳೆಯಿಂದ ನಾನು ಸರದಿಯಿಂದ ಹೊರಗೆ. ನನ್ನ ಸರದಿಯಲ್ಲಿ ಕಲ್ಲೇಶನ ಗಾಡಿ ಹೋಗಲಿ. ಗಾನವಿ ಓಡಿಸುತ್ತೀನಿ ಅಂದರೆ ಅವಳು ಓಡಿಸಲಿ, ಮಾರುತ್ತೀನಿ ಅಂದರೆ ಮಾರುವ ತನಕ ನಾನು ಓಡಿಸಿ ದುಡಿದದ್ದನ್ನು ಆ ಮನೆಗೇ ಕೊಡುತ್ತೇನೆ. ನೀವು ಇದಕ್ಕಿಂತ ಜಾಸ್ತಿ ಏನೇ ತೀರ್ಮಾನ ಮಾಡಿದರೂ ಸಹಿ ಹಾಕುತ್ತೇನೆ.

ಸುವರ್ಣಕ್ಕ — ನಿಮ್ಮ ಹತ್ತಿರ ಏನು ಕೇಳಬೇಕೋ ನನಗೆ ಗೊತ್ತಾಗುತ್ತಿಲ್ಲ. ಅವನು ನಿಮಗೂ ಹೇಳಿರಲಿಲ್ಲ ಅಂತ ನಿಮ್ಮ ಮುಖ ನೋಡಿದರೆ ತಿಳಿಯುತ್ತದೆ. ಕೇಳುವ ಯೋಗ್ಯತೆ ಬಂದ ದಿನ ಮನೆಗೇ ಬಂದು ಕೇಳುತ್ತೇನೆ.

ಇನ್ನು ಮೌನಾಚರಣೆ. ಅದನ್ನೂ ನೀನೇ ಹೇಳು ಅಂತ ಆ ಹಾಳೆಯ ಕೊನೆಯಲ್ಲಿ ಬರೆದಿದ್ದಾರೆ. ಒಂದು ನಿಮಿಷ, ಅಷ್ಟೇ. ಕಲ್ಲೇಶನ ವಿಷಯದಲ್ಲಿ ನಾನು ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೇನೆ, ನನ್ನ ಮೌನ ಅವನಿಗೆ ಇನ್ನು ಬೇಡ. ನಿಮ್ಮದು ಕೊಡಿ. ನಾನು ನಿಂತೇ ಇದ್ದೇನೆ — ನೀವೆಲ್ಲ ದಯವಿಟ್ಟು ಎದ್ದು ನಿಲ್ಲಿ.